ಊಟವಾದ ಕೂಡಲೇ ‘ಅರೇಬಿಕ್ ಪುದೀನ ಟೀ’ ಕುಡಿಯಬೇಕೇ? ವಾಟ್ಸಾಪ್ ಸಂದೇಶದಲ್ಲಿ ನಿಜ ಎಷ್ಟು?

ಚಿನ್ನದ ಬಣ್ಣದ ಕೆಟಲ್, ಸಣ್ಣ ಗಾಜಿನ ಲೋಟ, ಅದರೊಳಗೆ ಒಂದು ಚಿಗುರು ಪುದೀನ. ಇಂಥದ್ದೊಂದು ಚಿತ್ರ ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅರಬ್ಬರು ಸಾವಿರಾರು ವರ್ಷಗಳಿಂದ ಕುಡಿಯುತ್ತಿರುವ ಟೀ ಇದು, ಊಟವಾದ ಕೂಡಲೇ ಒಂದು ಲೋಟ ಕುಡಿದರೆ ಕೊಬ್ಬು ಕರಗುತ್ತದೆ, ಗ್ಯಾಸ್ ಹೋಗುತ್ತದೆ, ಶುಗರ್ ಇಳಿಯುತ್ತದೆ, ಹೆಂಗಸರ ಪಿಸಿಒಡಿ ವಾಸಿಯಾಗುತ್ತದೆ ಎಂಬುದು ಇಂಥ ಸಂದೇಶಗಳ ಸಾರಾಂಶ. ಕೊನೆಗೆ ಹತ್ತು ಜನರಿಗೆ ಕಳಿಸಿ ಎಂಬ ಮಾತು ಇದ್ದೇ ಇರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಅಡುಗೆಮನೆಗೆ ಪುದೀನ ಹೊಸದೇನಲ್ಲ. ಚಟ್ನಿ, ಪಲಾವ್, ಬಿರಿಯಾನಿ ಯಾವುದಕ್ಕೂ ಒಂದು ಕಟ್ಟು ಬೇಕೇ ಬೇಕು. ಹೊಸದಾಗಿ ಬಂದಿರುವುದು ಅದನ್ನು ಹಾಲಿಲ್ಲದ ಟೀಗೆ ಹಾಕಿ, ಔಷಧಿಯೆಂಬಂತೆ ಊಟದ ಬೆನ್ನಿಗೇ ಕುಡಿಯುವ ಅಭ್ಯಾಸ. ಟೀ ಚೆನ್ನಾಗಿಯೇ ಇರುತ್ತದೆ, ಮನೆಯಲ್ಲಿ ಮಾಡುವುದೂ ಸುಲಭ. ಆದರೆ ಸಂದೇಶದಲ್ಲಿರುವ ‘ಊಟವಾದ ಕೂಡಲೇ’ ಎಂಬ ಎರಡು ಪದ ಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆಯ ಹೆಂಗಸರ ಮಟ್ಟಿಗೆ ಕೆಟ್ಟ ಸಲಹೆ. ಉಳಿದ ಉತ್ಪ್ರೇಕ್ಷೆಗಳಿಂದ ಆಗುವ ನಷ್ಟ ಅದಕ್ಕಿಂತ ಕಡಿಮೆ. ಆ ಎರಡು ಪದಗಳಿಗೆ ಬರುವ ಮೊದಲು ‘ಸಾವಿರಾರು ವರ್ಷ’ದ ಕಥೆಯನ್ನು ಮುಗಿಸಿಬಿಡೋಣ.

ಸಾವಿರಾರು ವರ್ಷ ಹಳೆಯದೇ?

ಅಲ್ಲ. ಪುದೀನ ಆ ಕಡೆಯ ಹಳೆಯ ಸೊಪ್ಪೇ, ಆದರೆ ಟೀ ಎಲೆ ಅಲ್ಲಿ ಬೆಳೆಯುವುದಿಲ್ಲ. ಚಿತ್ರದಲ್ಲಿ ಕಾಣುವ ಟೀ ಉತ್ತರ ಆಫ್ರಿಕಾದ ಮೊರಾಕೊ ಕಡೆಯದು. ಅದಕ್ಕೆ ಹಾಕುವುದು ಚೀನಾದಿಂದ ಬರುವ, ಸಣ್ಣ ಗುಂಡಿನಂತೆ ಸುರುಳಿ ಸುತ್ತಿದ ‘ಗನ್‌ಪೌಡರ್’ ಹೆಸರಿನ ಗ್ರೀನ್ ಟೀ. 18ನೇ ಶತಮಾನದಲ್ಲಿ ಟೀ ಮೊರಾಕೊದ ಅರಮನೆಯವರ, ಶ್ರೀಮಂತರ ಪಾನೀಯವಾಗಿತ್ತು. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ವ್ಯಾಪಾರಿಗಳಿಗೆ ಪೂರ್ವ ಯುರೋಪಿನ ಮಾರುಕಟ್ಟೆ ಕೈತಪ್ಪಿತು. ಉಳಿದ ಸರಕನ್ನು ಅವರು ಟ್ಯಾಂಜಿಯರ್, ಮೊಗಡೋರ್ ಬಂದರುಗಳಲ್ಲಿ ಇಳಿಸಿದರು. ಟೀ ಜನಸಾಮಾನ್ಯರ ಮನೆಗೆ ಬಂದದ್ದು ಆಮೇಲೆ. ಮೊದಲೇ ರೂಢಿಯಲ್ಲಿದ್ದ ಪುದೀನ ಅದಕ್ಕೆ ಜೊತೆಯಾಯಿತು. ಹಾಗಾಗಿ ಈ ಟೀಯ ವಯಸ್ಸು ಹೆಚ್ಚೆಂದರೆ ಕೆಲವು ನೂರು ವರ್ಷ.

ಅರಬ್ ನಾಡುಗಳಲ್ಲೆಲ್ಲ ಇದೊಂದೇ ಟೀ ಎನ್ನುವುದೂ ಸರಿಯಲ್ಲ. ಈಜಿಪ್ಟ್ ಕಡೆ ಕಪ್ಪು ಟೀಗೆ ಪುದೀನ ಹಾಕುತ್ತಾರೆ. ದುಬೈ, ಕತಾರ್‌ಗಳಲ್ಲಿ ದುಡಿದು ಬಂದವರಿಗೆ ನೆನಪಿರುವುದು ಹೆಚ್ಚಾಗಿ ‘ಕರಕ್’ ಟೀ. ಅದು ನಮ್ಮ ಕಡೆಯಿಂದಲೇ ಹೋದ ಹಾಲಿನ ಟೀ. ಮಂಗಳೂರು, ಕಾಸರಗೋಡು ಕಡೆಯ ಸುಲೈಮಾನಿ ಇನ್ನೊಂದು ಬಗೆ: ಹಾಲಿಲ್ಲದ ಟೀಗೆ ನಿಂಬೆರಸ, ಏಲಕ್ಕಿ. ‘ಪುದೀನ’ ಎಂಬ ಹೆಸರು ಕೂಡ ನಮಗೆ ಬಂದದ್ದು ಪಾರಸಿಯಿಂದ. ಅರಬ್ಬಿಯಲ್ಲಿ ಅದಕ್ಕೆ ‘ನಅನಾ’ ಅನ್ನುತ್ತಾರೆ.

ಮುದ್ದೆಯ ಕಬ್ಬಿಣ ಟೀಯಲ್ಲಿ ಹೋಗುತ್ತದೆ

ನಮ್ಮ ದೇಹಕ್ಕೆ ಕಬ್ಬಿಣದ ಅಂಶ ಎರಡು ರೂಪದಲ್ಲಿ ಸಿಗುತ್ತದೆ. ಮಾಂಸ, ಮೀನಿನಲ್ಲಿರುವುದು ಒಂದು ಬಗೆ. ಅದನ್ನು ಕರುಳು ಸುಲಭವಾಗಿ ಹೀರಿಕೊಳ್ಳುತ್ತದೆ. ರಾಗಿ, ಕಾಳು, ಸೊಪ್ಪಿನಲ್ಲಿರುವುದು ಇನ್ನೊಂದು ಬಗೆ. ಅದು ನಾಜೂಕಿನದು. ಜೊತೆಯಲ್ಲಿ ಏನು ತಿಂದಿರಿ, ಏನು ಕುಡಿದಿರಿ ಎಂಬುದರ ಮೇಲೆ ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ ಎಂಬುದು ತೀರ್ಮಾನವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಇದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ನಮಗೆ ದಕ್ಕುವುದು ಸ್ವಲ್ಪವೇ. ಇಷ್ಟು ಕಷ್ಟಪಟ್ಟು ಬರುವ ಕಬ್ಬಿಣಕ್ಕೆ ಟೀ ಇನ್ನೊಂದು ಅಡ್ಡಗಾಲು ಹಾಕುತ್ತದೆ.

ಟೀ ಒಗರಾಗಿರುವುದು ಅದರಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳಿಂದ. ಹೊಟ್ಟೆಯಲ್ಲಿ ಅವು ಕಬ್ಬಿಣಕ್ಕೆ ಅಂಟಿಕೊಂಡು ಕರಗದ ಗಂಟಾಗುತ್ತವೆ. ಕರಗದ್ದನ್ನು ಕರುಳು ಹೀರಲಾರದು. ಅದು ಮಲದಲ್ಲಿ ಹೊರಗೆ ಹೋಗುತ್ತದೆ. ಟೀ ಡಿಕಾಕ್ಷನ್‌ಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ನೀರು ಮಸಿಯಂತೆ ಕಪ್ಪಾಗುತ್ತದಲ್ಲ, ಅದೂ ಇದೇ ರಸಾಯನಶಾಸ್ತ್ರ.

ಟೀ ಸೊಪ್ಪು ಹಾಕದೆ ಬರೀ ಪುದೀನ ಕುದಿಸಿದರೆ ಸರಿಹೋಗುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. 1999ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್’ನಲ್ಲಿ ಬಂದ ಒಂದು ಅಧ್ಯಯನ ಇದನ್ನೇ ನೋಡಿತು. ಬ್ರೆಡ್ ಊಟದ ಜೊತೆ ಬೇರೆ ಬೇರೆ ಪಾನೀಯ ಕೊಟ್ಟು ಎಷ್ಟು ಕಬ್ಬಿಣ ರಕ್ತಕ್ಕೆ ಸೇರಿತೆಂದು ಅಳೆದರು. ಬರೀ ನೀರು ಕುಡಿದಾಗಿನದಕ್ಕೆ ಹೋಲಿಸಿದರೆ ಕಪ್ಪು ಟೀ ಕುಡಿದಾಗ ಹೀರುವಿಕೆ ಶೇ 79ರಿಂದ 94ರಷ್ಟು ಕುಸಿಯಿತು. ಟೀ ಎಲೆಯೇ ಇಲ್ಲದ ಪೆಪ್ಪರ್‌ಮಿಂಟ್ ಕಷಾಯದಲ್ಲೂ ಇಳಿಕೆ ಶೇ 84ರಷ್ಟಿತ್ತು. ನಮ್ಮ ಸಂತೆಯ ಪುದೀನ ಪೆಪ್ಪರ್‌ಮಿಂಟಿನ ಹತ್ತಿರದ ನಂಟ. ಅದರಲ್ಲೂ ಇದೇ ಜಾತಿಯ ಪಾಲಿಫಿನಾಲ್‌ಗಳಿವೆ. ಟೀಗೆ ಹಾಲು ಬೆರೆಸಿದರೂ ಹೆಚ್ಚು ವ್ಯತ್ಯಾಸವಾಗಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಅಂದರೆ ಊಟದ ಬೆನ್ನಿಗೇ ಕುಡಿಯುವ ನಮ್ಮ ಮಾಮೂಲಿ ಹಾಲಿನ ಟೀ ಕೂಡ ಇದರಲ್ಲಿ ಪಾಲುದಾರ.

ಇದು ಎಲ್ಲರೂ ತಲೆ ಕೆಡಿಸಿಕೊಳ್ಳಬೇಕಾದ ವಿಷಯವಲ್ಲ. ವಾರಕ್ಕೆರಡು ಸಲ ಮಾಂಸ ತಿನ್ನುವ, ಹಿಮೋಗ್ಲೋಬಿನ್ ಸರಿಯಾಗಿರುವ ಗಂಡಸು ಊಟದ ಮೇಲೆ ಪುದೀನ ಟೀ ಕುಡಿದರೆ ಏನೂ ಆಗುವುದಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಹತ್ತಿರ ಹತ್ತಿರ ಅರ್ಧದಷ್ಟು. ರೇಷ್ಮೆ ರೀಲಿಂಗ್ ಘಟಕದಲ್ಲಿ ದಿನವಿಡೀ ಬಿಸಿನೀರಿನ ಮುಂದೆ ನಿಲ್ಲುವವರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು, ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಉಳಿದದ್ದು ಉಣ್ಣುವವರು ಇದೇ ಲೆಕ್ಕದೊಳಗಿನವರು. ಸುಸ್ತು, ಏದುಸಿರು, ತಲೆಸುತ್ತು ಬಂದಾಗ ‘ಶಕ್ತಿ ಬರಲಿ’ ಎಂದು ಟೀ ಕುಡಿಯುವವರೂ ಇವರೇ.

ಇದಕ್ಕೆ ಪರಿಹಾರ ಟೀ ಬಿಡುವುದಲ್ಲ, ಹೊತ್ತು ಬದಲಿಸುವುದು. 2017ರಲ್ಲಿ ಬ್ರಿಟನ್ನಿನಲ್ಲಿ ಮಾಡಿದ ಪ್ರಯೋಗವೊಂದರಲ್ಲಿ ಊಟದ ಜೊತೆ ಕುಡಿಯುವ ಬದಲು ಒಂದು ಗಂಟೆ ಬಿಟ್ಟು ಟೀ ಕುಡಿದಾಗ ಕಬ್ಬಿಣಕ್ಕೆ ಆಗುವ ಅಡ್ಡಿ ಸಾಕಷ್ಟು ಕಡಿಮೆಯಾಯಿತು. ಮಧ್ಯಾಹ್ನ 1 ಗಂಟೆಗೆ ಉಂಡವರು 3 ಗಂಟೆಗೆ ಕುಡಿದರೆ ಇನ್ನೂ ಒಳ್ಳೆಯದು. ಊಟಕ್ಕೆ ಬೇಕಾದದ್ದು ಟೀ ಅಲ್ಲ, ನಿಂಬೆಹಣ್ಣು. ಸೊಪ್ಪಿನ ಸಾರಿಗೋ ಕೋಸಂಬರಿಗೋ ನಿಂಬೆ ಹಿಂಡಿದರೆ ಅದರ ವಿಟಮಿನ್ ಸಿ ಕಬ್ಬಿಣವನ್ನು ಕರುಳಿಗೆ ಒಗ್ಗುವ ರೂಪದಲ್ಲಿ ಇಡುತ್ತದೆ. ಸಾರು ಕುದಿಯುವಾಗ ಹಿಂಡಬೇಡಿ, ಕಾವಿಗೆ ವಿಟಮಿನ್ ಸಿ ನಷ್ಟವಾಗುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಹಿಂಡಿ.

ಆಶಾ ಕಾರ್ಯಕರ್ತೆಯರು ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಗೂ ಇದೇ ಮಾತು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ನುಂಗಿ ಬಾಯಿ ರುಚಿ ಹೋಗಲೆಂದು ಟೀ ಕುಡಿದರೆ ಮಾತ್ರೆಯ ಪ್ರಯೋಜನ ತಗ್ಗುತ್ತದೆ. ಸಾದಾ ನೀರೋ ನಿಂಬೆ ಪಾನಕವೋ ಸರಿ. ಹಾಲಿನ ಜೊತೆಯೂ ಬೇಡ. ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಅದನ್ನು ಬಿಟ್ಟು ಪುದೀನ ಟೀ ಹಿಡಿಯುವುದಲ್ಲ. ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದೇ ಎಂದು ನರ್ಸಮ್ಮನನ್ನು ಕೇಳಿ.

ಗ್ಯಾಸ್, ಎದೆಯುರಿ, ತಂಪು

ಪುದೀನ ಹೊಟ್ಟೆಗೆ ಒಳ್ಳೆಯದು ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದು ಬೇರೊಂದು ಗಿಡದ ಸತ್ಯ. ಪೆಪ್ಪರ್‌ಮಿಂಟ್‌ನಲ್ಲಿ ಮೆಂಥಾಲ್ ಇದೆ. ಅದು ಕರುಳಿನ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಪದೇ ಪದೇ ಹೊಟ್ಟೆ ಹಿಂಡುವ, ಭೇದಿ ಮಲಬದ್ಧತೆ ಸರದಿಯಲ್ಲಿ ಬರುವ ಐಬಿಎಸ್ ತೊಂದರೆಗೆ ಪೆಪ್ಪರ್‌ಮಿಂಟ್ ಎಣ್ಣೆಯ ಕ್ಯಾಪ್ಸೂಲನ್ನು ವೈದ್ಯರು ಬರೆಯುವುದುಂಟು. ಅಮೆರಿಕದ ಜಠರರೋಗ ತಜ್ಞರ ಸಂಘದ 2021ರ ಮಾರ್ಗಸೂಚಿಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಆ ಕ್ಯಾಪ್ಸೂಲು ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಒಡೆಯುವಂತೆ ಮಾಡಿರುತ್ತಾರೆ. ನಮ್ಮ ಅಂಗಡಿಯ ಪುದೀನ ಹೆಚ್ಚಾಗಿ ಸ್ಪಿಯರ್‌ಮಿಂಟ್. ಅದರ ಪರಿಮಳ ಕಾರ್ವೋನ್ ಎಂಬ ಎಣ್ಣೆಯದು, ಮೆಂಥಾಲ್ ಇಲ್ಲವೆನ್ನುವಷ್ಟು ಕಡಿಮೆ. ಕುಡಿದರೆ ಹೊಟ್ಟೆ ಹಗುರಾದಂತೆ ಅನ್ನಿಸಬಹುದು. ಬಿಸಿನೀರಿಗೂ ಆ ಗುಣವಿದೆ.

ಎದೆಯುರಿ, ಹುಳಿತೇಗು ಇರುವವರಿಗೆ ಪುದೀನ ಉಲ್ಟಾ ಹೊಡೆಯಬಹುದು. ಅನ್ನನಾಳ ಮತ್ತು ಜಠರದ ನಡುವಿನ ಸ್ನಾಯುವಿನ ಬಾಗಿಲು ಸಡಿಲವಾದರೆ ಆಮ್ಲ ಮೇಲಕ್ಕೆ ಬರುತ್ತದೆ. ಕುಡಿದ ಮೇಲೆ ಉರಿ ಹೆಚ್ಚಾದರೆ ಪುದೀನ ನಿಮಗೆ ಆಗಿಬರುವುದಿಲ್ಲವೆಂದು ತಿಳಿಯಿರಿ.

ಮೆಂಥಾಲ್ ತಂಪು ಎಂಬುದು ನಾಲಿಗೆಗೆ ಆಗುವ ಮೋಸ. ಚಳಿಯನ್ನು ಗ್ರಹಿಸುವ ನರದ ತುದಿಯಲ್ಲಿರುವ ಗ್ರಾಹಕವನ್ನು ಅದು ಚಾಲೂ ಮಾಡುತ್ತದೆ, ಮೈ ಬಿಸಿ ಒಂದು ಡಿಗ್ರಿಯೂ ಇಳಿಯುವುದಿಲ್ಲ. ಈ ಗ್ರಾಹಕವನ್ನು 2002ರಲ್ಲಿ ಪತ್ತೆಹಚ್ಚಿದವರಲ್ಲಿ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೌಟಿಯನ್ ಸೇರಿದ್ದಾರೆ. ಅವರಿಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಹಾಗಾಗಿ ಜ್ವರ ಇಳಿಸಲು ಪುದೀನ ಟೀ ನಂಬಿ ಕೂರಬೇಡಿ.

ಪಿಸಿಒಡಿ ಮಾತು ಎಲ್ಲಿಂದ ಹುಟ್ಟಿತು ಎಂದು ಹುಡುಕಿದರೆ ಎರಡು ಪುಟ್ಟ ಅಧ್ಯಯನಗಳು ಸಿಗುತ್ತವೆ. 2007ರಲ್ಲಿ ಟರ್ಕಿಯಲ್ಲಿ ಮುಖದ ಕೂದಲಿನ ಸಮಸ್ಯೆಯಿದ್ದ 21 ಹೆಂಗಸರು 5 ದಿನ ಸ್ಪಿಯರ್‌ಮಿಂಟ್ ಟೀ ಕುಡಿದರು. 2010ರಲ್ಲಿ ಬ್ರಿಟನ್ನಿನಲ್ಲಿ 42 ಹೆಂಗಸರನ್ನು ಒಂದು ತಿಂಗಳು ನೋಡಿದರು. ಕೆಲವು ಪುರುಷ ಹಾರ್ಮೋನುಗಳ ಮಟ್ಟ ಇಳಿದದ್ದು ನಿಜ, ಆದರೆ ಎರಡನೆಯ ಅಧ್ಯಯನದಲ್ಲಿ ವೈದ್ಯರು ಅಳೆದಾಗ ಕೂದಲು ಕಡಿಮೆಯಾಗಿರಲಿಲ್ಲ. ಕುತೂಹಲದ ಸಂಗತಿ, ಮುಂದೆ ನೋಡಬೇಕಾದದ್ದು. ‘ವಾಸಿಯಾಗುತ್ತದೆ’ ಎನ್ನುವುದಕ್ಕೆ ಅದು ಸಾಲದು. ಪುದೀನ ತಿಂದರೆ ಗಂಡಸುತನ ಹೋಗುತ್ತದೆ ಎಂಬ ಇನ್ನೊಂದು ಸಂದೇಶಕ್ಕೂ ಟರ್ಕಿಯ ಇಲಿಗಳ ಮೇಲಿನ ಪ್ರಯೋಗವೇ ಬಂಡವಾಳ. ಚಟ್ನಿ ತಿನ್ನುವುದನ್ನು ನಿಲ್ಲಿಸಬೇಕಿಲ್ಲ.

ಶುಗರ್ ಇಳಿಸುವ ಟೀಯಲ್ಲಿ ಸಕ್ಕರೆ ಎಷ್ಟು?

ಮೊರಾಕೊ ಪದ್ಧತಿಯ ಟೀ ವಿಪರೀತ ಸಿಹಿ. ಅಲ್ಲಿ ಕೆಟಲ್‌ಗೆ ಸಕ್ಕರೆ ಗಟ್ಟಿಯನ್ನೇ ಮುರಿದು ಹಾಕುವ ರೂಢಿ. ಒಂದು ಚಿಕ್ಕ ಚಮಚ ಸಕ್ಕರೆ ಸುಮಾರು 4 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 50 ಗ್ರಾಂ ಒಳಗೆ, ಆದರೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಲೋಟಕ್ಕೆ ಮೂರು ಚಮಚದಂತೆ ಎರಡು ಲೋಟ ಕುಡಿದರೆ 25 ಗ್ರಾಂ ಅಲ್ಲಿಗೇ ಮುಗಿಯಿತು. ಪಕ್ಕದ ಮಂಡ್ಯದ ಬೆಲ್ಲ ಹಾಕಿದರೆ ಶುಗರ್ ಏರುವುದಿಲ್ಲ ಎನ್ನುವವರಿದ್ದಾರೆ. ಬೆಲ್ಲವೂ ಮುಖ್ಯವಾಗಿ ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ಗೊತ್ತಾಗುವುದಿಲ್ಲ.

ರಂಜಾನ್‌ನಲ್ಲಿ ಇಡೀ ದಿನ ಉಪವಾಸವಿದ್ದು, ಸಂಜೆ ಖರ್ಜೂರ, ಶರಬತ್ತು, ಸಿಹಿ ಟೀ ಒಂದರ ಮೇಲೊಂದು ಸೇವಿಸಿದರೆ ಮಧುಮೇಹ ಇರುವವರಿಗೆ ಏರಿಳಿತ ಜೋರು. ಟೀಯನ್ನಾದರೂ ಸಕ್ಕರೆಯಿಲ್ಲದೆ ಮಾಡಿ. ಗ್ರೀನ್ ಟೀಯಲ್ಲಿ ಕೆಫೀನ್ ಇದೆ ಎಂಬುದನ್ನೂ ಮರೆಯಬೇಡಿ. ತಡರಾತ್ರಿ ಕುಡಿದು ಸಹರಿಗೆ ಏಳುವವರೆಗೂ ನಿದ್ದೆ ಬಾರದಿದ್ದರೆ ಕಾರಣ ಅದೇ. ಬರೀ ಪುದೀನದ ಕಷಾಯದಲ್ಲಿ ಕೆಫೀನ್ ಇಲ್ಲ.

ಸೊಪ್ಪು ಯಾವ ನೀರಲ್ಲಿ ಬೆಳೆದದ್ದು?

ಸಂದೇಶಗಳು ಎಂದೂ ಕೇಳದ ಪ್ರಶ್ನೆ ಇದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು, ಮುಂದೆ ಹರಿದು ಕನಕಪುರದ ಕಡೆ ಅರ್ಕಾವತಿಯನ್ನು ಸೇರುತ್ತದೆ. ಬೇರೆ ನೀರಿಲ್ಲದ ರೈತರು ಆ ನೀರನ್ನೇ ಹೊಲಕ್ಕೆ ಹಾಯಿಸಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ, ತಪ್ಪು ಮೇಲಿನಿಂದ ಕೊಳಚೆ ಬಿಟ್ಟವರದು. ಅಂಥ ನೀರಿನಲ್ಲಿ ಕಾಯಿಲೆಯ ರೋಗಾಣುಗಳೂ ಕಾರ್ಖಾನೆಯ ಲೋಹಗಳೂ ಇರುತ್ತವೆ. ಸಂತೆಯಲ್ಲಿ ಕೊಂಡ ಕಟ್ಟು ಎಲ್ಲಿಯದೆಂದು ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ರೋಗಾಣುಗಳು ಕುದಿಸಿದರೆ ಸಾಯುತ್ತವೆ. ಆದರೆ ಈ ಟೀಯ ಅಂದವೇ ಲೋಟದಲ್ಲಿಟ್ಟ ಹಸಿ ಚಿಗುರು! ಅದನ್ನು ಯಾರೂ ಕುದಿಸಿರುವುದಿಲ್ಲ. ಮೇಲೆ ಸುರಿದ ಟೀ ಗಾಜಿಗೆ ತಾಗಿ ಆಗಲೇ ಆರಿರುತ್ತದೆ. ಆದ್ದರಿಂದ ತೊಳೆಯುವ ಕೆಲಸವನ್ನು ಗಂಭೀರವಾಗಿ ಮಾಡಿ. ಕಟ್ಟು ಬಿಚ್ಚಿ, ಬೇರು ಮತ್ತು ಮಣ್ಣಿರುವ ಬುಡ ಕತ್ತರಿಸಿ. ಕೊಳೆತ ಎಲೆ ಆರಿಸಿ. ಅಗಲ ಪಾತ್ರೆಯ ನೀರಲ್ಲಿ ಮುಳುಗಿಸಿ ಅಲ್ಲಾಡಿಸಿದರೆ ಮಣ್ಣು ತಳಕ್ಕೆ ಇಳಿಯುತ್ತದೆ. ಸೊಪ್ಪನ್ನು ಮೇಲಕ್ಕೆ ಎತ್ತಿಕೊಂಡು ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ. ಕೊನೆಗೆ ಕುಡಿಯುವ ನೀರಿನ ಧಾರೆಗೆ ಹಿಡಿಯಿರಿ. ಉಪ್ಪು, ಅರಿಶಿನದ ನೀರಲ್ಲಿ ನೆನೆಸಿದರೆ ಎಲ್ಲ ವಿಷವೂ ಹೋಗುತ್ತದೆ ಎಂಬುದು ಇನ್ನೊಂದು ಸುಳ್ಳು. ಎಲೆಯ ಮೇಲಿನ ಕೊಳೆ ಒಂದಿಷ್ಟು ಹೋಗಬಹುದು. ಬೇರಿನಿಂದ ಒಳಗೆ ಸೇರಿದ ಲೋಹ ತೊಳೆದರೂ ಹೋಗದು, ಕುದಿಸಿದರೂ ಹೋಗದು.

ಅದಕ್ಕೆ ಸುಲಭದ ಉಪಾಯ ಮನೆಯಲ್ಲೇ ಬೆಳೆಯುವುದು. ತಂದ ಕಟ್ಟಿನಿಂದಲೇ ನಾಲ್ಕು ಬಲಿತ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು, ಲೋಟದ ನೀರಲ್ಲಿಡಿ. ವಾರ ಹತ್ತು ದಿನಕ್ಕೆ ಬೇರು ಬಿಡುತ್ತದೆ. ಅಗಲವಾದ ಕುಂಡಕ್ಕೆ ಹಾಕಿ, ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ನೆಲಕ್ಕೆ ಹಾಕಿದರೆ ಪಕ್ಕದ ಗಿಡದ ಜಾಗವನ್ನೂ ಕಬಳಿಸುತ್ತದೆ. ಒಳ್ಳೆಯ ನೀರು ಹಾಕಿ ಬೆಳೆದು, ಮೊದಲ ಒಂದೆರಡು ಕೊಯ್ಲು ಬಿಟ್ಟು ಬಳಸಿ.

ಮಾಡುವುದು ಹೀಗೆ

ನಾಲ್ಕು ಸಣ್ಣ ಲೋಟಕ್ಕೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು, ಎರಡು ಚಿಕ್ಕ ಚಮಚ ಗ್ರೀನ್ ಟೀ, ಒಂದು ದೊಡ್ಡ ಹಿಡಿ ಪುದೀನ. ಗುಂಡಿನಂಥ ಟೀ ಸಿಕ್ಕದಿದ್ದರೆ ಬಿಡಿ ಎಲೆಯ ಯಾವುದೇ ಗ್ರೀನ್ ಟೀ ಆದೀತು. ನಮ್ಮ ಡಸ್ಟ್ ಟೀ ಬೇಡ, ಒಗರು ಪುದೀನವನ್ನು ಮುಚ್ಚಿಹಾಕುತ್ತದೆ. ಬೋರ್‌ವೆಲ್ ನೀರು ತುಂಬ ಗಡುಸಾಗಿದ್ದರೆ ಅದರ ಸುಣ್ಣದ ಅಂಶ ಟೀಯ ಜೊತೆ ಸೇರಿ ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ. ಕುಡಿಯಲು ಬಳಸುವ ಫಿಲ್ಟರ್ ನೀರು ವಾಸಿ.

ಟೀ ಎಲೆಗೆ ಒಂದು ಲೋಟ ಕುದಿನೀರು ಹಾಕಿ, ಅಲ್ಲಾಡಿಸಿ, ಆ ನೀರು ಚೆಲ್ಲಿ. ಧೂಳೂ ಮೊದಲ ಕಹಿಯೂ ಹೋಗುತ್ತದೆ. ಮತ್ತೆ ಕುದಿನೀರು ಹಾಕಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಇಟ್ಟು ಒಲೆ ಆರಿಸಿ. ಪುದೀನ ಹಾಕುವುದು ಈಗ, ಒಲೆ ಆರಿದ ಮೇಲೆ. ಅಂಗೈಯಲ್ಲಿ ಸ್ವಲ್ಪ ಹಿಸುಕಿ ಹಾಕಿ, ಮುಚ್ಚಳ ಮುಚ್ಚಿ, ನಾಲ್ಕೈದು ನಿಮಿಷ ಬಿಡಿ. ಪುದೀನವನ್ನು ಹತ್ತು ನಿಮಿಷ ಕುದಿಸಿದರೆ ಸಾರ ಹೆಚ್ಚು ಇಳಿಯುತ್ತದೆಂದು ಹಲವರು ಹೇಳುತ್ತಾರೆ. ಆಗುವುದು ಬೇರೆ: ಪರಿಮಳದ ಎಣ್ಣೆ ಆವಿಯ ಜೊತೆ ಹಾರಿ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಉಳಿಯುವುದು ಕಂದು ಬಣ್ಣದ ಬೇಯಿಸಿದ ಸೊಪ್ಪಿನ ರುಚಿ.

ಎತ್ತರದಿಂದ ಸುರಿದರೆ ಔಷಧಿ ಗುಣ ಹೆಚ್ಚುತ್ತದೆ ಎಂಬುದಕ್ಕೂ ಆಧಾರವಿಲ್ಲ. ಸುರಿದಾಗ ನೊರೆ ಬರುತ್ತದೆ, ಸಕ್ಕರೆ ಬೆರೆಯುತ್ತದೆ, ಟೀ ಆರುತ್ತದೆ. ನಮ್ಮಲ್ಲಿ ಲೋಟ ಬಟ್ಟಲಲ್ಲಿ ಕಾಫಿ ಎತ್ತಿ ಸುರಿಯುವುದೂ ಅದಕ್ಕೇ. ಆರುವುದು ಒಳ್ಳೆಯದೇ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿತು. ತೊಂದರೆ ಅನ್ನನಾಳಕ್ಕೆ. ಲೋಟ ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿದ್ದರೆ ಇನ್ನೂ ಕಾಯಿರಿ.

ಅಲಂಕಾರಕ್ಕೆ ಕೊಂಡ ಹಿತ್ತಾಳೆಯ ಕೆಟಲ್‌ನಲ್ಲಿ ಟೀ ಕಾಯಿಸಬೇಡಿ. ಕಲಾಯಿ ಇಲ್ಲದ ಹಿತ್ತಾಳೆಗೆ ನಿಂಬೆರಸ ಬಿದ್ದರೆ ತಾಮ್ರ ಬಿಡುತ್ತದೆ, ಬೆಸುಗೆಯಲ್ಲಿ ಸೀಸ ಇದ್ದರೆ ಅದೂ ಟೀಗೆ ಇಳಿಯುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಮಾಡಿ, ಗಾಜಿನ ಲೋಟಕ್ಕೆ ಸೋಸಿ, ತೊಳೆದ ಚಿಗುರೊಂದನ್ನು ಇಟ್ಟು ಕೊಡಿ. ಆರು ತಿಂಗಳೊಳಗಿನ ಮಗುವಿಗೆ ಹೊಟ್ಟೆನೋವೆಂದು ಇದನ್ನು ಒಂದು ಚಮಚವೂ ಕುಡಿಸಬೇಡಿ, ಆ ವಯಸ್ಸಿಗೆ ತಾಯಿಹಾಲು ಮಾತ್ರ. ಉಳಿದವರಿಗೆ ಸಂಜೆ ನಾಲ್ಕರ ಹೊತ್ತು ಒಳ್ಳೆಯದು: ಮಧ್ಯಾಹ್ನದ ಊಟ ಆಗಲೇ ಇಳಿದಿರುತ್ತದೆ, ರಾತ್ರಿಯ ಮುದ್ದೆಗೆ ಇನ್ನೂ ಹೊತ್ತಿರುತ್ತದೆ.